ಪದ್ಮಿನಿಗೆ ಹೊಸ ರೇಡಿಯೇಟರು

ಮುಂಬಯಿಯಲ್ಲಿ ಓಡುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಲೋಕಲ್ ಗಾಡಿಯಲ್ಲಿ ದಿನಾಲು ಪ್ರಯಾಣ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ಸಾಯನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಹಳೆಯ ಕಾರಿಗೂ ಇದು ಚೆನ್ನಾಗಿ ಗೊತ್ತು. ಕಾರು ಓಡುತ್ತಿರುವಾಗ ಎದುರುಗಾಳಿ ತಾನಾಗಿ ಬಂದು ಇಂಜಿನಿನ ಕಾವನ್ನು ಹೊತ್ತೊಯ್ಯುತ್ತದೆ. ನಿಂತಾಗ ಒಳಗಿನ ಬೆಂಕಿ ಉರಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಆ ಹೊತ್ತಿನಲ್ಲಿ ಕಾರಿನ ಮಾನ ಕಾಯುವುದು ಮುಂದಿನ ಜಾಳಿಗೆಯ ಮರೆಯಲ್ಲಿ ಕುಳಿತ ರೇಡಿಯೇಟರು. ಇಂಜಿನನ್ನು ಸುತ್ತಿ ಕಾದು ಬಂದ ನೀರು ಅದರ ಮೇಲಿನ ತೊಟ್ಟಿಯನ್ನು ಸೇರಿ, ಹತ್ತಾರು ಚಪ್ಪಟೆ ನಳಿಗೆಗಳ ಮೂಲಕ ಕೆಳಗಿಳಿಯುತ್ತ ತಣಿದು, ಮತ್ತೆ ಇಂಜಿನಿಗೆ ಹೋಗುತ್ತದೆ. ಅದು ಸರಿಯಾಗಿರುವ ತನಕ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ, ಮನೆಯಲ್ಲಿ ಅಡಿಗೆ ಮಾಡುವವರ ಹೆಸರಿನ ಹಾಗೆ!

ನಮ್ಮ ಮನೆಯ 1978ರ ಪ್ರೀಮಿಯರ್ ಪದ್ಮಿನಿಗೆ ಹೋದ ವರ್ಷ ಅಲ್ಯೂಮಿನಿಯಮ್ಮಿನ ಹೊಸ ರೇಡಿಯೇಟರು ಕೂಡಿಸಿದೆವು. ಸುದ್ದಿ ಕೇಳಿದವರಲ್ಲಿ ಅರ್ಧ ಜನ, "ಆ ಡಬ್ಬಿಗೆ ಇನ್ನೂ ದುಡ್ಡು ಸುರಿಯುತ್ತೀರಾ?" ಎಂದರು. ಉಳಿದರ್ಧ ಜನ, "ಅಷ್ಟು ವರ್ಷ ಮೂಲದಂತೆ ಇಟ್ಟುಕೊಂಡ ಕಾರನ್ನು ಹೊಸ ಸಾಮಾನು ಹಾಕಿ ಕೆಡಿಸಿದಿರಲ್ಲ!" ಎಂದು ಮರುಗಿದರು. ಇಬ್ಬರಿಗೂ ನಮ್ಮಲ್ಲಿ ಒಂದೇ ಉತ್ತರವಿದೆ. ಆದರೆ ಅದನ್ನು ಹೇಳಲು ಸ್ವಲ್ಪ ಸುತ್ತು ಹಾಕಿ ಬರಬೇಕಾಗುತ್ತದೆ.

ಪದ್ಮಿನಿ ಮುಂಬಯಿಯ ಮಗಳು. ಆದರೂ ಅವಳ ವಂಶಾವಳಿಯಲ್ಲಿ ಕನ್ನಡದ ನೀರು ಸೇರಿದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಭಾರತದಲ್ಲಿ ಮೋಟಾರು ಗಾಡಿಗಳು ತಯಾರಾಗಬೇಕೆಂದು 1930ರ ದಶಕದಲ್ಲಿಯೇ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು, ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಪರಕೀಯ ಸರಕಾರಕ್ಕೆ ಅದು ರುಚಿಸಲಿಲ್ಲ. ಆ ಕನಸನ್ನು ಮುಂದೆ ನಡೆಸಿದವರು ಸೊಲ್ಲಾಪುರದ ವಾಲಚಂದ ಹೀರಾಚಂದರು. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಹುಟ್ಟುಹಾಕಿದವರೂ ಅವರೇ. 1944ರಲ್ಲಿ ಅವರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕುರ್ಲಾ ಕಾರ್ಖಾನೆಯಿಂದ ಮೊದಲು ಅಮೆರಿಕದ ಡಾಜ್, ಪ್ಲಿಮತ್ ಗಾಡಿಗಳೂ ಆಮೇಲೆ ಇಟಲಿಯ ಫಿಯಟ್ ಗಾಡಿಗಳೂ ಹೊರಬಂದವು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್, ಎಪ್ಪತ್ತರ ದಶಕದ ನಡುವೆ ರಜಪೂತ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯ ತನಕ 'ಫಿಯಟ್' ಆಗಿಯೇ ಉಳಿಯಿತು.

ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಅಪ್ಪ ಹೆಸರು ಬರೆಸಿ, ಠೇವಣಿ ಕಟ್ಟಿ, ವರ್ಷಗಟ್ಟಲೆ ಕಾದು ಆ ಕಾರು ತಂದರು. ಆಗ ಕಾರು ಬೇಕೆಂದವರಿಗೆ ಫಿಯಟ್ ಇಲ್ಲವೇ ಅಂಬಾಸಿಡರ್, ಅದೂ ಸರದಿ ಬಂದಾಗ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಅದು ಎರಡನೆಯ ಕಾರು. ವರ್ಷಕ್ಕೊಮ್ಮೆ, ಮೇ ರಜೆಯಲ್ಲಿ, ಅದು ನಮ್ಮನ್ನು ಧಾರವಾಡಕ್ಕೆ ಒಯ್ಯುತ್ತಿತ್ತು. ನಸುಕಿನ ನಾಲ್ಕಕ್ಕೆ ಹೊರಟರೆ ಖೋಪೋಲಿಯಲ್ಲಿ ಚಹ. ಅಲ್ಲಿಂದ ಭೋರ ಘಾಟಿನ ಏರು. ಇಂಗ್ರೇಜರಿಗೆ ಘಟ್ಟದ ದಾರಿ ತೋರಿಸಿದನೆಂದು ಹೇಳುವ ಕುರುಬ ಶಿಂಗ್ರೋಬಾನ ಗುಡಿ ಆ ಏರಿನಲ್ಲಿದೆ. ಅಲ್ಲಿ ಅವ್ವ ಒಂದು ನಾಣ್ಯ ಹಾಕುವಳು, ಅಪ್ಪ ಬಾನೆಟ್ಟು ತೆರೆದು ಕಾರಿಗೆ ವಿಶ್ರಾಂತಿ ಕೊಡುವರು. ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿಯ ಹತ್ತಿರ ಮೊದಲ ಕನ್ನಡ ಫಲಕ ಕಂಡಾಗ ಹಿಂದಿನ ಸೀಟಿನಲ್ಲಿದ್ದ ನಾವೆಲ್ಲ ಗದ್ದಲ ಮಾಡುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೂ ಕಾರು ಉಳಿಯಿತು. ಹದಿನೈದು ವರ್ಷ ತುಂಬಿದಂದಿನಿಂದ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು, ತೋರಿಸಿ, ತೆರಿಗೆ ಕಟ್ಟಿ, ನೋಂದಣಿ ನವೀಕರಿಸಿಕೊಂಡು ಬಂದಿದ್ದೇವೆ.

ಹಿಂದೆ ಪದ್ಮಿನಿಯನ್ನು ಸಾಕುವುದು ಕಷ್ಟದ ಕೆಲಸವಾಗಿರಲಿಲ್ಲ. ಊರ ತುಂಬ ಅವಳ ಅಕ್ಕತಂಗಿಯರು ಕಪ್ಪು ಮೈ, ಹಳದಿ ತಲೆಯ ಟ್ಯಾಕ್ಸಿಗಳಾಗಿ ಓಡುತ್ತಿದ್ದರು. ಟ್ಯಾಕ್ಸಿ ಒಂದು ದಿನ ನಿಂತರೆ ಒಂದು ಮನೆಯ ಒಲೆ ನಿಲ್ಲುತ್ತದೆ. ಆದ್ದರಿಂದ ಪ್ರತಿ ಗಲ್ಲಿಯಲ್ಲಿ ಒಬ್ಬ ಮಿಸ್ತ್ರಿ, ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದ ಬಿಡಿಭಾಗ, ಹಳತು ಬೇಕೆಂದರೆ ಹಳತು, ಹೊಸತು ಬೇಕೆಂದರೆ ಹೊಸತು. ಒಮ್ಮೆ ದಾದರಿನಲ್ಲಿ ನಮ್ಮ ಕಾರಿನ ರೇಡಿಯೇಟರು ಸೋರತೊಡಗಿದಾಗ ಪಕ್ಕದಲ್ಲಿ ನಿಂತ ಟ್ಯಾಕ್ಸಿಯವನು ಕಿರಾಣಿ ಅಂಗಡಿಯಿಂದ ಅರಿಷಿಣ ಪುಡಿ ತರಿಸಿ ನೀರಿನಲ್ಲಿ ಕಲಸಿ ಸುರಿದು, "ಮನೆ ತಲುಪುತ್ತೀರಿ, ಹೋಗಿ" ಎಂದ. ತಲುಪಿದೆವು. ಗಾಯಕ್ಕೆ ಅರಿಷಿಣ ಎಂಬ ಮಾತು ಮನುಷ್ಯರಿಗಷ್ಟೇ ಅಲ್ಲ ಎಂದು ಅವ್ವ ಬಹಳ ದಿನ ಹೇಳಿಕೊಂಡು ನಕ್ಕಳು.

ಆ ಲೋಕ ಈಗಿಲ್ಲ. ಹೊಸ ಶತಮಾನದ ಹೊಸ್ತಿಲಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು. ಮುಂಬಯಿಯ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯವೆಂದು ನಿಯಮವಾಯಿತು. 2003ರ ಅಕ್ಟೋಬರಿನಲ್ಲಿ ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದೇ ಕೊನೆಯ ಪದ್ಮಿನಿ ಟ್ಯಾಕ್ಸಿ. 2023ರ ಅಕ್ಟೋಬರ್ ಮುಗಿಯುತ್ತಲೇ ಅದರ ಲೆಕ್ಕವೂ ಮುಗಿಯಿತು. ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳು ರಸ್ತೆ ಬಿಟ್ಟದ್ದೂ ಅದಕ್ಕೆ ತಿಂಗಳೊಂದರ ಮುಂಚೆ. ಪತ್ರಿಕೆಗಳಲ್ಲಿ ಚಿತ್ರ ಬಂದವು, ಜನ ಒಂದೆರಡು ದಿನ ಹಳಹಳಿಸಿದರು. ಆದರೆ ನಮ್ಮಂಥವರಿಗೆ ಅದರ ನಿಜವಾದ ಅರ್ಥ ತಿಳಿದದ್ದು ಬಿಡಿಭಾಗದ ಅಂಗಡಿಯ ಕಟ್ಟೆಯ ಮೇಲೆ. ಟ್ಯಾಕ್ಸಿ ಹೋದ ಮೇಲೆ ಅದರ ಸಾಮಾನನ್ನು ಯಾರು ತಯಾರಿಸಬೇಕು, ಯಾರು ಇಟ್ಟುಕೊಂಡು ಕಾಯಬೇಕು?

ಹೋದ ವರ್ಷ ಮೇ ತಿಂಗಳಲ್ಲಿ ಅವ್ವನನ್ನು ಮಾಟುಂಗಾಕ್ಕೆ ಕರೆದುಕೊಂಡು ಹೊರಟಿದ್ದೆವು. ಸಾಯನ್ ದಾಟುವ ಮುನ್ನವೇ ಕಾವಿನ ಮುಳ್ಳು ಕೆಂಪು ಗೆರೆಗೆ ಮುಟ್ಟಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಬಾನೆಟ್ಟು ಎತ್ತಿದರೆ ಉಗಿ. ಎಂಬತ್ತನಾಲ್ಕು ವಯಸ್ಸಿನ ಮುದುಕಿ ಬಿಸಿಲಲ್ಲಿ, ಹಿಂದೆ ಹಾರ್ನುಗಳ ಭೋರ್ಗರೆತ. ನೀರು ತಣಿಯುವ ತನಕ ಮುಚ್ಚಳ ತೆರೆಯುವಂತಿಲ್ಲ. ಒತ್ತಡದಲ್ಲಿದ್ದ ಕುದಿನೀರು ಕೈ ಮುಖ ಸುಟ್ಟೀತು. ಮುಕ್ಕಾಲು ಗಂಟೆ ಅಲ್ಲಿಯೇ ಕುಳಿತೆವು. ಅವ್ವ ಏನೂ ಅನ್ನಲಿಲ್ಲ. ಆ ಮೌನವೇ ನಮಗೆ ಹೆಚ್ಚು ಭಾರವಾಯಿತು. ಆ ದಿನ ಇಂಜಿನಿಗೆ ಪೆಟ್ಟಾಗದೆ ಉಳಿದದ್ದು ದೊಡ್ಡದು. ಪದ್ಮಿನಿಯ ಇಂಜಿನಿನ ಮೈ ಬೀಡುಕಬ್ಬಿಣ, ತಲೆ ಅಲ್ಯೂಮಿನಿಯಮ್ಮು. ಅತಿಯಾಗಿ ಕಾದರೆ ತಲೆ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ಟು ಸುಡುತ್ತದೆ. ಆಮೇಲೆ ಬರುವ ಖರ್ಚು ರೇಡಿಯೇಟರಿನದಲ್ಲ, ಇಂಜಿನಿನದು.

ಕುರ್ಲಾದಲ್ಲಿ ನಮ್ಮ ಕಾರನ್ನು ಅಪ್ಪನ ಕಾಲದಿಂದ ನೋಡುತ್ತ ಬಂದ ಉಸ್ತಾದರಿದ್ದಾರೆ. ರೇಡಿಯೇಟರು ಬಿಚ್ಚಿ, ಬೆಸುಗೆ ಕರಗಿಸಿ ಮೇಲಿನ ತೊಟ್ಟಿ ತೆಗೆದು ತೋರಿಸಿದರು. ನಳಿಗೆಗಳ ಬಾಯಲ್ಲಿ ಸುಣ್ಣದಂಥ ಗಸಿ ಕಟ್ಟಿತ್ತು. ಮೂರರಲ್ಲಿ ಒಂದು ನಳಿಗೆಯಲ್ಲಿ ಮಾತ್ರ ಬೆಳಕು ಕಾಣುತ್ತಿತ್ತು. ತಾಮ್ರದ ರೆಕ್ಕೆಗಳು ಸಮುದ್ರದ ಗಾಳಿಗೆ ಹಸಿರಾಗಿ, ಬೆರಳು ತಾಗಿಸಿದರೆ ಹಪ್ಪಳದಂತೆ ಉದುರುತ್ತಿದ್ದವು. ಎರಡು ಸಲ ಸರಳು ಹಾಕಿ ತಿಕ್ಕಿ ಶುಚಿ ಮಾಡಿಸಿದ್ದಾಗಿತ್ತು. ಮೂರನೆಯ ಸಲ ತಿಕ್ಕಿದರೆ ನಳಿಗೆಯೇ ಹರಿಯುತ್ತದೆ ಎಂದರು. ಅದೇ ತೊಟ್ಟಿಗಳಿಗೆ ಹೊಸ ತಾಮ್ರದ ಕೋರು ಹಾಕಿಸೋಣವೆಂದರೆ, ಆ ಅಳತೆಯದು ಸಿಗಲಿಲ್ಲ. ಸಿಕ್ಕ ಒಂದೆರಡು ಕಡೆ ನಳಿಗೆಗಳ ಸಾಲು ವಿರಳ, ತಾಮ್ರವೂ ತೆಳುವು. "ಈಗ ಯಾರು ಮಾಡುತ್ತಾರೆ ಸಾಬ್? ಬರುವ ಗಾಡಿಯೆಲ್ಲ ಅಲ್ಯೂಮಿನಿಯಮ್ಮು, ಮೇಲೆ ಪ್ಲಾಸ್ಟಿಕ್ಕಿನ ತೊಟ್ಟಿ. ನಮ್ಮ ಬೆಸುಗೆಯ ಕಾವಲಿ ತಣ್ಣಗಾಗಿದೆ" ಎಂದರು ಉಸ್ತಾದರು. ಅಳತೆ ಕೊಟ್ಟು ಪೂರ್ತಿ ಅಲ್ಯೂಮಿನಿಯಮ್ಮಿನದನ್ನೇ ಮಾಡಿಸಿರಿ ಎಂಬ ಸಲಹೆಯೂ ಅವರದೇ.

ಆಗ ಶುರುವಾಯಿತು ಮನೆಯಲ್ಲಿ ಚರ್ಚೆ. ಹೊಸ ತಲೆಮಾರಿನವರು ಗುಜರಿಗೆ ಹಾಕಿ ಎಂದರು. ಹಳೆಯ ಕಾರುಗಳ ಹುಚ್ಚಿನ ಗೆಳೆಯರೊಬ್ಬರು ನಿಯಮದ ಪ್ರತಿ ತಂದು ಮುಂದಿಟ್ಟರು. 2021ರ ಕೇಂದ್ರ ಸರಕಾರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಕಾಪಾಡಿದ ಕಾರಿಗೆ 'ವಿಂಟೇಜ್' ಎಂಬ ಬಿರುದಿನ ನೋಂದಣಿ ಸಿಗುತ್ತದೆ. ನಮ್ಮದಕ್ಕೆ 2028ರಲ್ಲಿ ಐವತ್ತು ತುಂಬುತ್ತದೆ. "ಅಲ್ಲಿಯ ತನಕ ಒಂದು ಸ್ಕ್ರೂ ಕೂಡ ಬದಲಿಸಬೇಡಿ, ಹೊದಿಕೆ ಹೊದಿಸಿ ನಿಲ್ಲಿಸಿಬಿಡಿ" ಎಂದರು ಗೆಳೆಯರು. ಅದೇ ನಿಯಮದ ಇನ್ನೊಂದು ಮಾತನ್ನು ನಾವು ಓದಿ ತೋರಿಸಿದೆವು: ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಮಾತ್ರ. ಬಿರುದು ಬಂದ ಮೇಲೆ ಪದ್ಮಿನಿ ಧಾರವಾಡದ ಮದುವೆ ಮುಂಜಿವೆಗಳಿಗೆ ಹೋಗುವ ಹಾಗಿಲ್ಲ ಎಂದಾಯಿತು.

ಅವ್ವ ಎಲ್ಲವನ್ನೂ ಕೇಳುತ್ತ ಕುಳಿತಿದ್ದಳು. ಕೊನೆಗೆ ಅಂದಳು: "ಪೂಜಾ ಮಾಡಾಕ ದೇವರ ಮನ್ಯಾಗ ದೇವರದಾವು. ಇದು ಗಾಡಿ. ನಿಮ್ಮಪ್ಪ ಇದನ್ನ ನಿಲ್ಲಸಾಕ ತಂದಿದ್ದಿಲ್ಲ. ನನ್ನ ಮೊಣಕಾಲಾಗ ಲೋಹದ ಕೀಲು ಹಾಕಿಸಿದ್ರಿ. ಈಗ ನಾ ನಿಮ್ಮವ್ವ ಹೌದೋ, ಅಲ್ಲೋ?"

ಇದೇ ನಾವು ಮೊದಲಿಗೆ ಹೇಳಿದ ಉತ್ತರ. ಇದಕ್ಕಿಂತ ಚೆನ್ನಾಗಿ ಹೇಳಲು ನಮ್ಮಿಂದಾಗದು. ಆದರೆ ಗೆಳೆಯರ ಮಾತನ್ನೂ ನಾವು ಪೂರ್ತಿ ಬದಿಗಿಡಲಿಲ್ಲ. ಕಾರಿನ ಮೈಯಲ್ಲಿ ಒಂದು ಹೊಸ ರಂಧ್ರ ಕೊರೆಯಬಾರದು, ಒಂದು ಪಟ್ಟಿ ಕತ್ತರಿಸಬಾರದು, ಹಳೆಯ ಬೋಲ್ಟುಗಳೇ ಹಳೆಯ ಜಾಗದಲ್ಲೇ ಕೂಡಬೇಕು, ನಾಳೆ ಯಾರಾದರೂ ಹಳೆಯ ರೇಡಿಯೇಟರನ್ನೇ ತಿರುಗಿ ಕೂಡಿಸುತ್ತೇನೆಂದರೆ ಒಂದು ಮಧ್ಯಾಹ್ನದಲ್ಲಿ ಕೂಡಿಸುವಂತಿರಬೇಕು ಎಂದು ಷರತ್ತು ಹಾಕಿಕೊಂಡೆವು. ಸಣ್ಣ ಕಾರೊಂದರ ರೇಡಿಯೇಟರು ತಂದು ಪಟ್ಟಿ ಬೆಸೆದು ಹೊಂದಿಸುವ ಅಗ್ಗದ ದಾರಿಯನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಕಾವನ್ನು ಒಯ್ಯುವುದರಲ್ಲಿ ತಾಮ್ರವೇ ಮೇಲಲ್ಲವೇ? ನಿಜ, ಶುದ್ಧ ತಾಮ್ರದ ಶಕ್ತಿ ಅಲ್ಯೂಮಿನಿಯಮ್ಮಿಗಿಂತ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು. ಆದರೆ ಹಳೆಯ ರೇಡಿಯೇಟರಿನಲ್ಲಿ ರೆಕ್ಕೆ ಮಾತ್ರ ತಾಮ್ರ. ನೀರು ಹರಿಯುವ ನಳಿಗೆ ಹಿತ್ತಾಳೆ. ಹಿತ್ತಾಳೆಯ ಶಕ್ತಿ ತಾಮ್ರದ ಮೂರರಲ್ಲೊಂದು ಪಾಲೂ ಇಲ್ಲ. ಎರಡನ್ನೂ ಕೂಡಿಸಿದ ಸೀಸ-ತವರದ ಬೆಸುಗೆಯದು ಇನ್ನೂ ಕಡಿಮೆ. ಅಲ್ಯೂಮಿನಿಯಮ್ಮಿನದರಲ್ಲಿ ನಳಿಗೆಯೂ ರೆಕ್ಕೆಯೂ ಒಂದೇ ಲೋಹ, ಕುಲುಮೆಯಲ್ಲಿ ಒಟ್ಟಿಗೆ ಬೆಸೆದುಕೊಂಡದ್ದು. ನಳಿಗೆಯನ್ನು ಅಗಲ ಮಾಡಬಹುದು, ಆದ್ದರಿಂದ ರೆಕ್ಕೆಗೆ ತಾಗುವ ಜಾಗ ಹೆಚ್ಚು. ಲೋಹದ ತೂಕವೂ ತಾಮ್ರದ ಮೂರರಲ್ಲೊಂದು ಪಾಲು. ಒಟ್ಟಿನಲ್ಲಿ ಗುಣದಲ್ಲಿ ಸ್ವಲ್ಪ ಕಡಿಮೆಯಾದವನು ಒಗ್ಗಟ್ಟಿನಿಂದ ಗೆಲ್ಲುತ್ತಾನೆ.

ರೇಡಿಯೇಟರು ತಯಾರಾಗಿ ಬರಲು ಮೂರು ವಾರ ಹಿಡಿಯಿತು. ಉಸ್ತಾದರು ಅದರ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕೂಡಿಸುವ ಮೊದಲು ಇಂಜಿನಿನ ಒಳಗನ್ನು ತೊಳೆದರು. ಮೊದಲ ಮೂರು ಬಕೆಟ್ಟು ಕೆಮ್ಮಣ್ಣಿನಂಥ ನೀರೇ ಬಂತು. ಆ ತುಕ್ಕಿನ ಕೆಸರು ಹೊಸ ನಳಿಗೆಗಳಿಗೆ ಹೋಗಿದ್ದರೆ ಆರು ತಿಂಗಳಲ್ಲಿ ಮತ್ತೆ ಮೊದಲಿನ ಪಾಡೇ. ರಬ್ಬರಿನ ಹೋಸುಗಳನ್ನು ಹೊಸದು ಹಾಕಿದೆವು. ಟ್ಯಾಕ್ಸಿಗಳ ರೂಢಿಯಂತೆ ಯಾವಾಗಲೋ ಕಿತ್ತು ಬಿಸಾಡಿದ್ದ ಥರ್ಮೋಸ್ಟಾಟು ಮರಳಿ ಬಂತು. ಅದಿಲ್ಲದಿದ್ದರೆ ಮಳೆಗಾಲದ ಮುಂಜಾನೆ ಇಂಜಿನು ಬೇಗ ಕಾಯದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹೊಸದರ ದಪ್ಪವನ್ನು ಹಳೆಯದರಷ್ಟೇ ಇಡಿಸಿದ್ದರಿಂದ ಫ್ಯಾನಿನ ರೆಕ್ಕೆಗೂ ಅದಕ್ಕೂ ನಡುವೆ ಬೆರಳು ಆಡುವಷ್ಟು ಜಾಗ ಉಳಿಯಿತು. ಫ್ಯಾನಿನ ಸುತ್ತ ತಗಡಿನ ಬಳೆಯೊಂದನ್ನು ರೇಡಿಯೇಟರಿಗೇ ಜೋಡಿಸಿದರು. ನಿಂತ ಗಾಡಿಯಲ್ಲಿ ಗಾಳಿ ಅತ್ತಿತ್ತ ಹಾರದೆ ರೇಡಿಯೇಟರಿನ ಮೂಲಕವೇ ಬರಬೇಕಲ್ಲ? ಮುಚ್ಚಳ ಮಾತ್ರ ಹಳೆಯ ಒತ್ತಡದ್ದೇ. ಒತ್ತಡ ಏರಿಸಿದರೆ ನೀರು ತಡವಾಗಿ ಕುದಿಯುವುದು ನಿಜ, ಆದರೆ ಹಳೆಯ ಪಂಪು, ಹಳೆಯ ಸಂದುಗಳು ಅದನ್ನು ತಾಳಬೇಕು.

ಅಲ್ಯೂಮಿನಿಯಮ್ಮಿಗೆ ಎರಡು ಶತ್ರುಗಳು. ಒಂದು ಕೆಟ್ಟ ನೀರು. ಬೋರಿನ ಉಪ್ಪುನೀರನ್ನಂತೂ ಮುಟ್ಟಿಸಬಾರದು. ಡಿಸ್ಟಿಲ್ಡ್ ವಾಟರಿಗೆ ಸಮಪಾಲು ಕೂಲಂಟು ಬೆರೆಸಿ ಹಾಕಿದೆವು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮುಂಬಯಿಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಕೂಲಂಟು ಬೇಕಾದದ್ದು ತುಕ್ಕು ತಡೆಯಲು. ಇಂಜಿನಿನ ತಲೆ ಮೊದಲಿನಿಂದಲೂ ಅಲ್ಯೂಮಿನಿಯಮ್ಮಿನದೇ ಆದ್ದರಿಂದ ಈ ಪಥ್ಯ ಪದ್ಮಿನಿಗೆ ಹುಟ್ಟಿನಿಂದಲೇ ಹಿತ. ಅದು ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು, ಸೊಸೈಟಿಯ ಬೆಕ್ಕು ನಾಯಿಗಳು ನೆಕ್ಕಿದರೆ ಉಳಿಯಲಾರವು. ಎರಡನೆಯ ಶತ್ರು ಅಲೆಮಾರಿ ವಿದ್ಯುತ್ತು. ಇಂಜಿನಿಗೂ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿ ಸಡಿಲವಾದರೆ ಕರೆಂಟು ನೀರಿನ ದಾರಿ ಹಿಡಿದು ಲೋಹವನ್ನು ಒಳಗೊಳಗೇ ತಿನ್ನುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ರೇಡಿಯೇಟರಿನ ನೀರಿಗೂ ಹಿಡಿದು ನೋಡಬೇಕು. ಮೀಟರು ಗಮನಾರ್ಹ ವೋಲ್ಟೇಜು ತೋರಿಸಿದರೆ ಅರ್ಥಿಂಗ್ ಸರಿಪಡಿಸಬೇಕು. ನಮ್ಮದರಲ್ಲಿ ಪಟ್ಟಿ ಬದಲಿಸಿ, ರೇಡಿಯೇಟರನ್ನು ರಬ್ಬರಿನ ಗಾದಿಯ ಮೇಲೆ ಕೂಡಿಸಿದರು.

ಡಿಸೆಂಬರಿನಲ್ಲಿ ಅವ್ವನನ್ನು ಕೂಡಿಸಿಕೊಂಡು ಧಾರವಾಡಕ್ಕೆ ಹೊರಟೆವು. ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಖೋಪೋಲಿಯ ಹಳೆಯ ದಾರಿಯನ್ನೇ ಹಿಡಿದೆವು. ಘಾಟಿನ ಕೊನೆಯ ತಿರುವುಗಳಲ್ಲಿ, ಎರಡನೆಯ ಗೇರಿನಲ್ಲಿ ಲಾರಿಯ ಹಿಂದೆ ತೆವಳುವಾಗ, ಮುಳ್ಳು ನಡುಗೆರೆ ದಾಟಿ ಒಂದಿಷ್ಟು ಏರಿತು. ಎಲ್ಲರ ಕಣ್ಣೂ ಅದರ ಮೇಲೆಯೇ. ಕೆಂಪಿನಿಂದ ಎರಡು ಬೆರಳು ದೂರದಲ್ಲಿ ನಿಂತು, ಖಂಡಾಳಾದ ಗಾಳಿ ಬೀಸಿದೊಡನೆ ಇಳಿಯಿತು. ಇದರ ಕೀರ್ತಿಯನ್ನೆಲ್ಲ ಅಲ್ಯೂಮಿನಿಯಮ್ಮಿಗೆ ಕೊಡುವುದು ನ್ಯಾಯವಲ್ಲ. ಚೊಕ್ಕಟವಾದ ತಾಮ್ರದ ಹೊಸ ಕೋರು ಸಿಕ್ಕಿದ್ದರೆ ಅದೂ ಈ ಘಾಟು ಹತ್ತಿಸುತ್ತಿತ್ತು. ತೊಳೆದ ಇಂಜಿನು, ಹೊಸ ಹೋಸು, ಫ್ಯಾನಿನ ಬಳೆ, ಎಲ್ಲದರ ಪಾಲೂ ಇದೆ. ಡಿಸೆಂಬರಿನ ತಂಪಿನದೂ ಇದೆ. ನಿಜವಾದ ಪರೀಕ್ಷೆ ಸಾಯನ್ನಿನಲ್ಲಿ, ಮೇ ತಿಂಗಳಲ್ಲಿ. ಈ ಬೇಸಿಗೆಯಲ್ಲಿ ಅದರಲ್ಲೂ ತೇರ್ಗಡೆಯಾಯಿತು.

ಹೊಸದಕ್ಕೆ ಒಂದು ಕೊರತೆಯಿದೆ. ಅದು ಒಡೆದರೆ ರಸ್ತೆ ಬದಿಯ ಬೆಸುಗೆಗೆ ಬಗ್ಗುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು. ತಾಮ್ರದ್ದಾದರೆ ಯಾವ ಊರಿನಲ್ಲಾದರೂ ಒಂದು ಕಾವಲಿ, ಒಂದು ಕಡ್ಡಿ ತವರ, ಒಂದು ಜೋಡಿ ಕೈ ಸಾಕಿತ್ತು. ಆ ಕೈಗಳೇ ಕಡಿಮೆಯಾಗುತ್ತಿವೆ. ಉಸ್ತಾದರ ಮಗ ಮೊಬೈಲು ಅಂಗಡಿ ಇಟ್ಟಿದ್ದಾನೆ. ಹಳೆಯ ರೇಡಿಯೇಟರನ್ನು ತೂಕಕ್ಕೆ ಹಾಕಿದ್ದರೆ ತಾಮ್ರದ ಧಾರಣೆಯಲ್ಲಿ ನಾಲ್ಕು ಕಾಸು ಬರುತ್ತಿತ್ತು. ಉಸ್ತಾದರೇ ಬೇಡವೆಂದರು. ಬಿಚ್ಚಿದ ಮೇಲಿನ ತೊಟ್ಟಿಯನ್ನು ಮತ್ತೆ ಅದರ ಜಾಗಕ್ಕೆ ಬೆಸೆದು, ಸೋರುವ ಸಂದುಗಳನ್ನು ಮುಚ್ಚಿ, ಕಪ್ಪು ಬಣ್ಣ ಬಳಿದು ಕೊಟ್ಟರು. ಮಜೂರಿ ಕೇಳಿದರೆ, "ಇಂಥ ಕೆಲಸ ಮತ್ತೆ ಯಾವಾಗ ಬರುತ್ತದೋ, ಇರಲಿ" ಎಂದರು. ಅದೀಗ ಹಳೆಯ ಸೀರೆಯಲ್ಲಿ ಸುತ್ತಿ ನಮ್ಮ ಮಾಳಿಗೆಯ ಮೇಲಿದೆ.

ಕುರ್ಲಾದಲ್ಲಿ ಕಾರ್ಖಾನೆಯಿದ್ದ ಕಡೆ ಈಗ ಎತ್ತರದ ಕಟ್ಟಡಗಳು ಎದ್ದಿವೆ, ಪ್ರೀಮಿಯರ್ ರಸ್ತೆಯೆಂಬ ಹೆಸರು ಮಾತ್ರ ಉಳಿದಿದೆ. ತಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಹೊದಿಕೆಯ ಕೆಳಗೆ ಒಬ್ಬ ಪದ್ಮಿನಿ ಮಲಗಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಒಂದು ಬೆಳಿಗ್ಗೆ, ತಣ್ಣಗಿರುವಾಗ, ಅವಳ ರೇಡಿಯೇಟರಿನ ಮುಚ್ಚಳ ತೆರೆದು ನೋಡಿ. ನೀರು ತಿಳಿಯಾಗಿದ್ದರೆ ಸಂತೋಷ. ಕೆಂಪಾಗಿದ್ದರೆ ಮೊದಲು ತೊಳೆಸಿ. ನಳಿಗೆಗಳು ಗಟ್ಟಿಯಿದ್ದರೆ ಹಳೆಯದನ್ನೇ ರಿಪೇರಿ ಮಾಡಿಸಿ. ಅದನ್ನು ಮಾಡುವ ಕೈಗಳು ಇನ್ನೂ ಇರುವಾಗಲೇ ಅವರಿಗೆ ಕೆಲಸ ಕೊಟ್ಟಂತಾಗುತ್ತದೆ. ಅದೂ ಆಗದಿದ್ದರೆ ಹೊಸ ಲೋಹ ಹಾಕಿಸಲು ಸಂಕೋಚ ಬೇಡ.